ಪಟ್ಟಿ ಎತ್ತುವವರಿಗೊಂದು ಕೈಪಿಡಿ

ಮೊದಲು ಪಾವತಿ ಪುಸ್ತಕ ಅಚ್ಚು ಹಾಕಿಸಿ. ಯಾವ ಕೆಲಸಕ್ಕೆ ಅನ್ನೋದನ್ನು ಆಮೇಲೆ ವಿಚಾರ ಮಾಡಿ. ಮಹಾರಾಷ್ಟ್ರದ ಚಪಳಗಾಂವದಂಥ ಊರಲ್ಲಿ ಕನ್ನಡ ಶಾಲೆಯ ಸೋರುವ ಮಾಳಿಗೆಯ ತಂಟೆಗೆ ಮಾತ್ರ ಹೋಗಬೇಡಿ. ‘ಅದು ಜಿಲ್ಲಾ ಪರಿಷತ್ತಿಂದು, ಸರ್ಕಾರ ಮಾಡ್ಲಿ ಬಿಡ್ರಿ’ ಎಂಬ ಉತ್ತರ ಕಟ್ಟೆಯ ಮೇಲೆ ತಯಾರಾಗಿ ಕೂತಿರುತ್ತದೆ. ಗುಡಿಯ ಮುಂದೆ ಕಮಾನು ಎನ್ನಿ. ಕಮಾನಿನಲ್ಲಿ ಹೆಸರು ಕೆತ್ತಿಸಲು ಜಾಗವಿರುತ್ತದೆ. ಮಾಳಿಗೆಯ ಮೇಲೆ ಬರೆದದ್ದನ್ನು ಕಾಗೆಯಷ್ಟೇ ಓದಬೇಕು.

ಕಬ್ಬಿನ ಬಿಲ್ಲು ಜಮಾ ಆದ ವಾರವೇ ಹೊರಡಿ. ಒಬ್ಬರೇ ಹೋದರೆ ‘ಮಾಲಕರು ಮನ್ಯಾಗಿಲ್ಲ’ ಅಂತಾರೆ. ಏಳೆಂಟು ಜನ ಹೋಗಿ ಕೂತುಬಿಡಿ. ಚಹಾ ಬರುತ್ತದೆ, ಚಹಾದ ಹಿಂದೆ ಪಾಕೀಟು. ಗುಂಪಿನಲ್ಲಿ ಆ ಮನೆಯ ಬೀಗರೊಬ್ಬರಿರಲಿ. ಸಾಲ ಕೊಟ್ಟವರಿದ್ದರೆ ಇನ್ನೂ ಚೆಂದ.

ಇನ್ನು ಮೊದಲನೆಯ ಹಾಳೆ. ಇಲ್ಲಿ ಅವಸರ ಬೇಡ. ಕಾರ್ಬನ್ ಇಟ್ಟು, ಪಾಟೀಲರ ಹೆಸರಿಗೆ 5001 ಬರೆದು, ಪಾವತಿ ಹರಿಯಿರಿ. ಅವರು ಕೊಡಲೇಬೇಕೆಂದಿಲ್ಲ, ಸುಮ್ಮನಿದ್ದರೆ ಸಾಕು. ನೀಲಿ ಅಕ್ಷರದ ಆ ಅಡಿಪ್ರತಿ ಕಾಣುವಂತೆ ಪುಸ್ತಕವನ್ನು ಮುಂದಿನ ಮನೆಯ ಹಿರಿಯರ ತೊಡೆಯ ಮೇಲಿಟ್ಟು ಕೇಳಿ: ‘ಕಾಕಾ, ಪಾಟೀಲ್ರು ಐದು ಸಾವಿರದ ಒಂದು ಬರಿಸ್ಯಾರ್ರಿ. ನಿಮ್ದು ಏನ್ ಬರೀಲಿ?’ ಕಾಕಾ ದೇವರಿಗೆಂದು ಕೊಡುವುದು 101. ಪಾಟೀಲರ ಮುಂದೆ ತೀರಾ ಸಣ್ಣವರಾಗಬಾರದೆಂದು ಕೊಡುವುದು 1001. ನಡುವಿನ ಒಂಬೈನೂರು ಆ ಹಾಳೆಯ ದುಡಿಮೆ.

ಹೆಸರಿನ ಆಸೆ ನಮ್ಮೂರಿನದಷ್ಟೇ ಅಲ್ಲ. 1885ರಲ್ಲಿ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಪೀಠಕ್ಕೆ ದುಡ್ಡು ಸಾಲದಾದಾಗ ಜೋಸೆಫ್ ಪುಲಿಟ್ಜರ್, ಎಷ್ಟೇ ಕೊಟ್ಟರೂ ಹೆಸರನ್ನು ತನ್ನ ಪತ್ರಿಕೆಯಲ್ಲಿ ಹಾಕುತ್ತೇನೆಂದ. ಲಕ್ಷಕ್ಕೂ ಹೆಚ್ಚು ಜನ ಸೇರಿ ಲಕ್ಷ ಡಾಲರ್ ಕೊಟ್ಟರು. ಪೀಠವನ್ನೂ ಕಟ್ಟಿಸಿಬಿಟ್ಟರು, ಆ ಆತುರ ನಿಮಗೆ ಬೇಡ. ಜಾತ್ರೆಯ ಮೈಕಿನಲ್ಲಿ ಹೆಸರು ಕೂಗಿಸಿ, ಸಾಕು.

ಪುಣೆಗೆ ದುಡಿಯಲು ಹೋದವರಿಗೆ ಕ್ರೌಡ್‌ಫಂಡಿಂಗ್ ಎಂದು ಬರೆದು ಕ್ಯೂಆರ್ ಕೋಡ್ ಕಳಿಸಿ. ಕೊಟ್ಟವರ ಯಾದಿಯನ್ನು ದಿನಾ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಹಾಕಿ. ಕೊಡದವರ ಹೆಸರು ಹಾಕಬೇಡಿ, ಅದನ್ನು ಊರೇ ಹುಡುಕಿಕೊಳ್ಳುತ್ತದೆ.

ನೋಂದಣಿಯಿಲ್ಲದ ಮಂಡಳ ಹಣ ಎತ್ತಲು ಧರ್ಮಾದಾಯ ಆಯುಕ್ತರ ಪರವಾನಗಿ ಬೇಕೆಂದು ಮಹಾರಾಷ್ಟ್ರದ ಕಾಯ್ದೆಯ 41ಸಿ ಕಲಮು ಹೇಳುತ್ತದೆ. ಹೇಳಲಿ. ಪರವಾನಗಿ ಕೇಳಿದರೆ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಆದರೂ ಲೆಕ್ಕ ಕೇಳುವವರೊಬ್ಬರು ಎದ್ದೇ ಏಳುತ್ತಾರೆ, ಬಹಳ ಮಾಡಿ ನಿವೃತ್ತ ಮಾಸ್ತರರು. ಜಗಳ ತೆಗೆಯಬೇಡಿ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಅವರನ್ನೇ ಖಜಾಂಚಿ ಮಾಡಿ. ಹಳೇ ಲೆಕ್ಕಕ್ಕೆ ಮೊದಲ ಸಹಿ ಅವರದೇ ಇರಲಿ.