ಎರಡು ಸೈಟು, ಮೇಲೆ ಆರಡಿ

ಕ್ರಿಕೆಟ್ಟಿನ ಮೂಲಪಾಠಗಳನ್ನು ಹೇಳುವ ಕೈಪಿಡಿಗಳು ಸಾಮಾನ್ಯವಾಗಿ ಪಿಚ್ಚಿನ ವರ್ಣನೆಯಿಂದ ಆರಂಭವಾಗುತ್ತವೆ. ಎರಡು ತುದಿಯ ವಿಕೆಟ್‌ಗಳ ನಡುವೆ 22 ಗಜ, ಅಂದರೆ 66 ಅಡಿ ಉದ್ದ ಹಾಗೂ 10 ಅಡಿ ಅಗಲಕ್ಕೆ ಹರಡಿರುವ ನೆಲದ ಪಟ್ಟಿಯೇ ಪಿಚ್ಚು. ದಕ್ಷಿಣ ಬೆಂಗಳೂರಿನಲ್ಲಿ ಹನುಮಂತನಗರಕ್ಕೂ ಬನಶಂಕರಿಗೂ ಒತ್ತಿಕೊಂಡಿರುವ ಶ್ರೀನಗರದಲ್ಲಿ ಈ ಅಳತೆಗೆ ಟೇಪು ಬೇಕಾಗುವುದಿಲ್ಲ. 30×40 ಅಡಿಯ ಎರಡು ಸೈಟುಗಳ ಮೂವತ್ತಡಿಯ ಮುಂಭಾಗಗಳನ್ನು ದಾಟಿ, ಮೂರನೆಯ ಮನೆಯ ಗೇಟಿನತ್ತ ಆರಡಿ ನಡೆದರೆ ಪಿಚ್ಚು ಮುಗಿಯುತ್ತದೆ. ಹೀಗೆ ಒಂದು ಪಿಚ್ಚು ರಸ್ತೆಯ ಈ ಬದಿಯಲ್ಲಿ ಮೂರು, ಆ ಬದಿಯಲ್ಲಿ ಮೂರು ಸಂಸಾರಗಳ ಸಹನೆಯ ಮೇಲೆ ನಿಂತಿರುವುದರಿಂದ, ಇಲ್ಲಿ ಆಟ ಕಲಿಯುವವರು ಬ್ಯಾಟು ಹಿಡಿಯುವುದಕ್ಕೂ ಮೊದಲು ಆರು ಮನೆಯವರ ಮಧ್ಯಾಹ್ನದ ನಿದ್ರೆಯ ವೇಳೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕಾಗುತ್ತದೆ.

ಸಲಕರಣೆಗಳ ಆಯ್ಕೆಯನ್ನೂ ಈ ಸಹನೆಯೇ ನಿರ್ಧರಿಸುತ್ತದೆ. ನಿಯಮದ ಪ್ರಕಾರ ಪುರುಷರ ಕ್ರಿಕೆಟ್ಟಿನ ಹೊಸ ಚರ್ಮದ ಚೆಂಡು 155.9ರಿಂದ 163 ಗ್ರಾಂ ತೂಗಬೇಕು. ಅಷ್ಟು ತೂಕದ ವಸ್ತುವಿಗೂ ಕಿಟಕಿಯ ಗಾಜಿಗೂ ಸ್ನೇಹ ಸಾಧ್ಯವಿಲ್ಲವಾದ್ದರಿಂದ ಅದರ ಮೂರರಲ್ಲೊಂದು ಪಾಲು ತೂಕದ ಟೆನಿಸ್ ಬಾಲು ಇಲ್ಲಿ ಸರ್ವಮಾನ್ಯವಾಗಿದೆ. 28 ಇಂಚು ಎತ್ತರದ ಮೂರು ಸ್ಟಂಪುಗಳ ಸ್ಥಾನದಲ್ಲಿ ಒಂದರ ಮೇಲೊಂದು ಪೇರಿಸಿದ ಇಟ್ಟಿಗೆಗಳೋ ಕಾಂಪೌಂಡಿನ ಮೇಲೆ ಇದ್ದಿಲಿನಿಂದ ಎಳೆದ ಮೂರು ಗೆರೆಗಳೋ ಇರುತ್ತವೆ. ಗೆರೆಗಳ ಮೇಲಿಂದ ಬೀಳಲು ಬೇಲ್ಸ್, ಅಂದರೆ ಸ್ಟಂಪುಗಳ ತಲೆಯ ಮೇಲಿಡುವ ಪುಟ್ಟ ಮರದ ತುಂಡುಗಳು, ಇಲ್ಲದ ಕಾರಣ, ಚೆಂಡು ಗೆರೆಗೆ ತಾಗಿತೋ ಪಕ್ಕದ ಸುಣ್ಣಕ್ಕೆ ತಾಗಿತೋ ಎಂಬ ಪ್ರಶ್ನೆಯನ್ನು ಗಂಟಲಿನ ಬಲದಿಂದಲೇ ಇತ್ಯರ್ಥಪಡಿಸಬೇಕಾಗುತ್ತದೆ.

ಕಲಿಕೆಯ ಮೊದಲ ಹಂತ ಫೀಲ್ಡಿಂಗ್, ಅಂದರೆ ಚೆಂಡನ್ನು ತಡೆದು ಹಿಂದಿರುಗಿಸುವ ವಿದ್ಯೆ. ಶ್ರೀನಗರದಲ್ಲಿ ಅದರ ಅರ್ಥವ್ಯಾಪ್ತಿ ನಿಂತ ಕಾರಿನ ಕೆಳಗೆ ತೂರುವುದು, ಮೋರಿಗಿಳಿಯುವುದು, ಗೇಟಿನ ಬಳಿ ನಿಂತು “ಆಂಟೀ, ಒಂದೇ ಒಂದು ಸಲ ಬಾಲ್ ಕೊಡಿ ಆಂಟೀ” ಎಂದು ವಿನಯದಿಂದ ಕೂಗುವುದು, ಇವೆಲ್ಲವನ್ನೂ ಒಳಗೊಂಡಿದೆ. ಹೊಸಬರಿಗೆ ಈ ಮೂರನೆಯ ಕೆಲಸವೇ ಮೀಸಲು, ಏಕೆಂದರೆ ಅವರ ಮೇಲೆ ಹಳೆಯ ದೂರುಗಳಿರುವುದಿಲ್ಲ. ಆಟಗಾರರ ಸಂಖ್ಯೆ ಬೆಸವಾದಾಗ ಎರಡೂ ತಂಡಗಳಿಗೆ ಆಡುವ ‘ಜೋಕರ್’ ಪದವಿ ಸಿಗುವುದೂ ಅವರಿಗೇ. ಯಾರು ಗೆದ್ದರೂ ಸೋಲದ ಈ ಸ್ಥಾನವನ್ನು ಮುಂದೆ ಅವರು ಆಸೆಪಟ್ಟರೂ ಮರಳಿ ಪಡೆಯಲಾರರು.

ಬ್ಯಾಟಿಂಗ್ ಪಾಠದಲ್ಲಿ ಬೀದಿಯ ನಿಜವಾದ ಗುರುತ್ವ ಗೋಚರಿಸುತ್ತದೆ. ಬಲಗೈ ಬ್ಯಾಟರ್ ಬೌಲರನನ್ನು ಎದುರಿಸಿ ನಿಂತಾಗ ಅವನ ಬಲಕ್ಕಿರುವ ಅರ್ಧ ಮೈದಾನ ಆಫ್ ಸೈಡ್, ಎಡಕ್ಕಿರುವುದು ಲೆಗ್ ಸೈಡ್. ಶ್ರೀನಗರದ ಅಡ್ಡರಸ್ತೆಯಲ್ಲಿ ಎರಡೂ ಕಾಂಪೌಂಡುಗಳೇ. ಚೆಂಡು ಗೋಡೆಗೆ ಬಡಿದರೆ ಓಡದೆಯೇ ಸಿಗುವ ನಿಗದಿತ ರನ್ನಿಗೆ ‘ಡಿ’ ಎಂಬ ಹೆಸರಿದೆ. ನೆಲ ಮುಟ್ಟದೆ ಮನೆಯೊಳಗೆ ಹೋದರೆ ಬ್ಯಾಟರ್ ಔಟು, ಚೆಂಡನ್ನು ತರುವ ಹೊಣೆಯೂ ಅವನದೇ. ಇಂಥ ದಂಡಸಂಹಿತೆಯ ನಡುವೆ ಬ್ಯಾಟನ್ನು ಲಂಬವಾಗಿ ಹಿಡಿದು ಚೆಂಡನ್ನು ಬೌಲರನ ಕಡೆಗೇ ನೆಲಕ್ಕಂಟಿಸಿ ತಳ್ಳುವ ಸ್ಟ್ರೇಟ್ ಡ್ರೈವ್ ಒಂದೇ ನಿರುಪದ್ರವಿ ಹೊಡೆತ. ತರಬೇತುದಾರರು ವರ್ಷಗಟ್ಟಲೆ ಬೋಧಿಸುವ ನೇರ ಬ್ಯಾಟಿನ ತತ್ತ್ವವನ್ನು ಇಲ್ಲಿ ಕಿಟಕಿಯ ಗಾಜುಗಳು ಒಂದೇ ಬೇಸಿಗೆ ರಜೆಯಲ್ಲಿ ಕಲಿಸಿಬಿಡುತ್ತವೆ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಜಗತ್ತಿಗೆ ತೋರಿಸಿದ ಸ್ಕ್ವೇರ್ ಕಟ್, ಅಂದರೆ ಚೆಂಡನ್ನು ಪಿಚ್ಚಿಗೆ ಅಡ್ಡಲಾಗಿ ಆಫ್ ಸೈಡಿಗೆ ಕತ್ತರಿಸಿ ಕಳಿಸುವ ಹೊಡೆತ, ಈ ರಸ್ತೆಯಲ್ಲಿ ಕಲೆಯಾಗದೆ ಹೂಕುಂಡಗಳ ಮೇಲಿನ ದಾಳಿಯಾಗುತ್ತದೆ.

ಬೌಲಿಂಗಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಎಸೆಯುವಾಗ ಮೊಣಕೈ ನೆಟ್ಟಗಾಗುವ ಪ್ರಮಾಣ 15 ಡಿಗ್ರಿ ಮೀರಬಾರದು, ಬೀದಿಯಲ್ಲಿ ಅದನ್ನು ಅಳೆಯುವವರಿಲ್ಲದ ಕಾರಣ, ಔಟಾದ ಬ್ಯಾಟರ್ “ಚಕ್!” ಎಂದು, ಅಂದರೆ ಎಸೆತವೇ ಅಕ್ರಮವೆಂದು, ಕೂಗುವುದೇ ಅಳತೆ. ಅಗಲಕ್ಕೆ ತಿರುಗುವ ಚೆಂಡು ಮೋರಿಯ ಪಾಲಾಗುವುದರಿಂದ ಇಲ್ಲಿಯೂ ನೇರತನವೇ ಲಾಭದಾಯಕ. ಸಮೀಪದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ, ಹೆಚ್ಚು ತಿರುಗಿಸದೆ ವಿಕೆಟ್ಟಿನ ನೇರಕ್ಕೇ ವೇಗವಾಗಿ ಲೆಗ್ ಸ್ಪಿನ್ ಹಾಕಿ, 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಪಡೆದರು. ಒಟ್ಟು 619 ಟೆಸ್ಟ್ ವಿಕೆಟ್ ಗಳಿಸಿದ ಅವರ ಸಾಧನೆಯ ಶ್ರೇಯಸ್ಸನ್ನು ದಕ್ಷಿಣ ಬೆಂಗಳೂರಿನ ಮೋರಿಗಳಿಗೆ ಸಲ್ಲಿಸಲು ಪುರಾವೆ ಸಾಲದು, ಆದರೆ ಶ್ರೀನಗರದ ಬಾಲಕರ ಮುಂದೆ ಆ ಮಾತನ್ನು ಗಟ್ಟಿಯಾಗಿ ಹೇಳದಿರುವುದು ಕ್ಷೇಮ.

ಇಷ್ಟೆಲ್ಲ ಅಭ್ಯಾಸ ಮಾಡಿದ ವಿದ್ಯಾರ್ಥಿ ಕೊನೆಗೊಮ್ಮೆ ಗೋಡೆಗಳಿಲ್ಲದ ಬಯಲಿಗೆ ಕಾಲಿಟ್ಟಾಗ, ಅವನ ನೆಟ್ಟಗಿನ ಬ್ಯಾಟನ್ನು ಮೆಚ್ಚಿದ ತರಬೇತುದಾರ ಲೆಗ್ ಸೈಡಿಗೂ ಒಂದು ಎತ್ತಿ ಹೊಡೆಯಲು ಸೂಚಿಸುವುದುಂಟು. ಆಗ ಅವನು ಆ ಕಡೆ ಯಾರ ಮನೆಯಿದೆಯೆಂದು ವಿಚಾರಿಸಿದರೆ, ಮೂಲಪಾಠಗಳು ಅವನಿಗೆ ಪೂರ್ತಿಯಾಗಿ ಕರಗತವಾಗಿವೆಯೆಂದೇ ತಿಳಿಯಬೇಕು.