ಡೇರೆ–ದಾಸವಾಳ ತಾರತಮ್ಯ ನಿರ್ಣಯ: ಮಲೆನಾಡಿನ ಅಂಗಳದ ಒಂದು ಶಾಸ್ತ್ರೀಯ ಮೀಮಾಂಸೆ

ಪೀಠಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಗ್ಗೆ ವಿದ್ವಾಂಸರು ಬರೆಯದೆ ಬಿಟ್ಟದ್ದು ಕಡಿಮೆ. ಕೆಳದಿ ಅರಸರ ಮೇಲೆ ಗ್ರಂಥಗಳಿವೆ, ಕವಲೇದುರ್ಗದ ಕೋಟೆಯ ಮೇಲೆ ಲೇಖನಗಳಿವೆ, ಲಿಂಗನಮಕ್ಕಿ ಮುಳುಗಡೆಯ ಮೇಲೆ ಕಾದಂಬರಿಗಳಿವೆ. ಆದರೆ ಇಲ್ಲಿನ ಅಂಗಳದಲ್ಲಿ ಅಕ್ಕಪಕ್ಕ ನಿಂತೂ ಒಂದನ್ನೊಂದು ಮಾತಾಡಿಸದ ಎರಡು ಬಹುವಾರ್ಷಿಕ ಸಸ್ಯಗಳ, ಅಂದರೆ ಡೇರೆ ಮತ್ತು ದಾಸವಾಳಗಳ, ತೌಲನಿಕ ಅಧ್ಯಯನ ಇನ್ನೂ ಆಗಿಲ್ಲ. ಆಗಬೇಕೆಂದು ಯಾರೂ ಕೇಳಿಲ್ಲ ಎಂಬುದೇ ಈ ಸಂಶೋಧನೆಯ ತುರ್ತನ್ನು ತೋರಿಸುತ್ತದೆ.

ಕ್ಷೇತ್ರಕಾರ್ಯದ ವ್ಯಾಪ್ತಿ ಅಂಗಳದಿಂದ ಬಚ್ಚಲ ಹಿಂಬದಿಯವರೆಗೆ. ವಕ್ತೃಗಳು ಅತ್ತೆಯಂದಿರು, ಚಿಕ್ಕಮ್ಮಂದಿರು, ಅತ್ತಿಗೆಯಂದಿರು. ಪುರುಷರನ್ನೂ ವಿಚಾರಿಸಲಾಯಿತು. ಎರಡನ್ನೂ ‘ಎಂಥದೋ ಹೂವಿನ ಗಿಡ’ ಎಂದು ವರ್ಗೀಕರಿಸಿ ಅಡಿಕೆ ಧಾರಣೆಯ ಕಡೆ ಹೊರಳಿದ್ದರಿಂದ ಅವರ ಸಾಕ್ಷ್ಯವನ್ನು ಕೈಬಿಡಲಾಗಿದೆ.

ಕುಲಗೋತ್ರ ಪ್ರಕರಣ

ಡೇರೆ ಮೆಕ್ಸಿಕೋದ ಬೆಟ್ಟಸೀಮೆಯದು. ಅದರ ಬೀಜ ಅಲ್ಲಿಂದ 1789ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂತು. 1791ರಲ್ಲಿ ಅಲ್ಲಿನ ಕವನಿಲೆಸ್ ಎಂಬ ಪಂಡಿತ, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಇನ್ನೊಬ್ಬ ಪಂಡಿತನ ಹೆಸರನ್ನು ಅದಕ್ಕಿಟ್ಟ. ಈ ಇಸವಿಗಳಿಂದ ನಮ್ಮ ಸೀಮೆಯ ಎರಡು ಐತಿಹಾಸಿಕ ಸಮಸ್ಯೆಗಳು ಪರಿಹಾರವಾಗುತ್ತವೆ. ಒಂದು: ಕೆಳದಿ ಬಸವಪ್ಪನಾಯಕನ ವಿಶ್ವಕೋಶ ‘ಶಿವತತ್ತ್ವ ರತ್ನಾಕರ’ದಲ್ಲಿ ಡೇರೆಯನ್ನು ಹುಡುಕುವುದು ವ್ಯರ್ಥ. ಅದು ಹದಿನೆಂಟನೆಯ ಶತಮಾನದ ಆರಂಭದ ಗ್ರಂಥವಾದ್ದರಿಂದ ನಾಯಕನನ್ನು ದೂರುವಂತಿಲ್ಲ. ಎರಡು: 1763ರಲ್ಲಿ ಹೈದರಾಲಿ ಬಿದನೂರಿಗೆ ನುಗ್ಗಿದ್ದು ಯಾರದೋ ಅಂಗಳದ ಡೇರೆ ಗೆಡ್ಡೆಗಾಗಿ ಎಂಬ ವಾದ ನಿಲ್ಲದು. ಗೆಡ್ಡೆಗಾಗಿ ನಡೆಯುವ ದಾಳಿಗಳೆಲ್ಲ ಅದರ ಈಚಿನವು.

ದಾಸವಾಳದ ಜಾತಕ ಇಷ್ಟು ಸ್ಪಷ್ಟವಿಲ್ಲ. 1753ರಲ್ಲಿ ಲಿನ್ನೇಯಸ್ ಅದನ್ನು ಚೀನಾದ ಗುಲಾಬಿ ಎಂದು ಕರೆದ. ಅದು ಗುಲಾಬಿಯಲ್ಲ, ಚೀನಾದ್ದೇ ಎಂಬುದಕ್ಕೂ ಆಧಾರ ಸಾಲದು. ಕಾಡಿನಲ್ಲಿ ತಾನಾಗಿ ಬೆಳೆದ ಅದರ ಮೂಲ ಸಸ್ಯ ಸಿಕ್ಕಿಲ್ಲ. ಹುಟ್ಟಿದ್ದೆಲ್ಲೋ ಗೊತ್ತಿಲ್ಲದೆ, ಯಾವಾಗ ಬಂದದ್ದೆಂದೂ ತಿಳಿಯದೆ, ಮನೆಯ ಕೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡ ಸದಸ್ಯರು ಹಳೆಯ ಕೂಡುಕುಟುಂಬಗಳಲ್ಲಿ ಇರುತ್ತಿದ್ದರು.

ಮಲಯ ದೇಶ 1960ರಲ್ಲಿ ದಾಸವಾಳವನ್ನೂ, ಮೆಕ್ಸಿಕೋ 1963ರಲ್ಲಿ ಡೇರೆಯನ್ನೂ ರಾಷ್ಟ್ರಪುಷ್ಪವೆಂದು ಸಾರಿದವು. ಎರಡು ದೇಶಗಳ ಗೌರವ ಒಂದೇ ಅಂಗಳದಲ್ಲಿದ್ದರೂ, ದನ ನುಗ್ಗಿದಾಗ ಮನೆಯವರು ಕೂಗಿಕೊಂಡು ಓಡುವುದು ಮೆಕ್ಸಿಕೋದ ಕಡೆಗೆ ಮಾತ್ರ.

ಆರೈಕೆ ಪ್ರಕರಣ

ನೀರು ನಿಂತರೆ ಗೆಡ್ಡೆ ಕೊಳೆಯುವುದು ಡೇರೆಯ ಸ್ವಭಾವ. ಇಂಥ ಗಿಡವನ್ನು ಬೆಳೆಸಲು ನಮ್ಮವರು ಆರಿಸಿಕೊಂಡದ್ದು ಆಗುಂಬೆಯ ಸುತ್ತಮುತ್ತಲನ್ನು. ಅಲ್ಲಿ ಸರಾಸರಿ ವಾರ್ಷಿಕ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಸಾಧ್ಯವಿದ್ದದ್ದನ್ನು ಬೆಳೆಸುವುದು ಕೃಷಿ, ಸಾಧ್ಯವಿಲ್ಲದ್ದನ್ನು ಬೆಳೆಸುವುದು ಹವ್ಯಾಸ ಎಂಬ ಲಕ್ಷಣವಾಕ್ಯ ಇಲ್ಲಿ ಸಿದ್ಧಿಸುತ್ತದೆ.

ವಿಧಿ ಹೀಗಿದೆ. ಅಡ್ಡಮಳೆಗೆ ಗೆಡ್ಡೆ ಕಣ್ಣುಬಿಟ್ಟಾಗ ತೂತುಬಿದ್ದ ಬಕೆಟ್, ಪೇಂಟಿನ ಡಬ್ಬ, ಸಿಮೆಂಟ್ ಚೀಲಗಳಿಗೆ ಪುನರ್ಜನ್ಮ ಬರುತ್ತದೆ. ಸುಟ್ಟಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರಗಳ ಪ್ರಮಾಣ ಮನೆಮನೆಯ ರಹಸ್ಯ. ಮಗಳಿಗೆ ಹೇಳುವುದುಂಟು, ಸೊಸೆಗೆ ಹೇಳಿದ್ದಕ್ಕೆ ದಾಖಲೆ ಸಿಗಲಿಲ್ಲ. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಡಬ್ಬಗಳನ್ನು ಮಾಡಿನ ಅಂಚಿಗೆ ಸರಿಸಬೇಕು, ಬಿಸಿಲು ಕಂಡರೆ ಅಂಗಳಕ್ಕೆ ತರಬೇಕು. ಟೊಳ್ಳು ದಂಟು ಹೂವಿನ ಭಾರಕ್ಕೆ ಮುರಿಯುವುದರಿಂದ ಅಡಿಕೆ ದಬ್ಬೆಯ ಊರುಗೋಲು ಕೊಟ್ಟು ಬಾಳೆಪಟ್ಟೆಯಿಂದ ಕಟ್ಟಬೇಕು. ರಾತ್ರಿ ಟಾರ್ಚು, ಉಪ್ಪಿನ ಡಬ್ಬಿ ಹಿಡಿದು ಸಿಂಬಳದ ಹುಳುಗಳ ಮೇಲೆ ಯುದ್ಧಕ್ಕೆ ಹೊರಡಬೇಕು. ಇಷ್ಟೆಲ್ಲ ಆದಮೇಲೆ, ಚೌತಿಯ ಹೊತ್ತಿಗೆ ತಟ್ಟೆಯಗಲದ ಹೂ ಬಿಟ್ಟಾಗ ಬಂದವರು ಬೆರಗಾದರೆ, “ಅಯ್ಯೋ, ಈ ವರ್ಷ ಎಂಥದೂ ಮಾಡಿದ್ದೇ ಇಲ್ಲ, ಸುಮ್ಮನೆ ಬಿಟ್ಟದ್ದು” ಎನ್ನಬೇಕು. ಈ ಕೊನೆಯ ಅಂಗ ತಪ್ಪಿದರೆ ಕೃಷಿ ಪೂರ್ಣವಾಗುವುದಿಲ್ಲ.

ದಾಸವಾಳದ ಆರೈಕೆ ಒಂದು ವಾಕ್ಯದ್ದು: ಮಳೆಗಾಲದಲ್ಲಿ ಬೆರಳು ದಪ್ಪದ ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿ, ಮರೆತುಬಿಡಬೇಕು.

ಉಪಯೋಗ ಪ್ರಕರಣ

ದಾಸವಾಳದ ಎಲೆ ಜಜ್ಜಿ ನೀರಲ್ಲಿ ಕಿವುಚಿದರೆ ತಲೆಸ್ನಾನಕ್ಕೆ ಗೊಂಪು. ಅಕ್ಕಿಯ ಜೊತೆ ರುಬ್ಬಿದರೆ ದೋಸೆ. ಹೂವನ್ನು ಕುದಿಸಿದರೆ ಶರಬತ್ತು, ಮಜ್ಜಿಗೆ ಸೇರಿಸಿ ಅರೆದರೆ ತಂಬುಳಿ, ಕೊಬ್ಬರಿಎಣ್ಣೆಯಲ್ಲಿ ಕಾಯಿಸಿದರೆ ಕೂದಲಿಗೆ. ಕೆಂಪು ಹೂ ಗಣಪತಿಗೂ ಅಮ್ಮನವರಿಗೂ ಪ್ರೀತಿ. ಶಾಲೆಗೆ ಹೋಗುವ ಮಕ್ಕಳಿಗೆ ಅದೇ ಹೂವಿನ ರಸ ವಿಜ್ಞಾನ: ಲಿಂಬೆಹುಳಿ ಹಿಂಡಿದರೆ ಕಡುಗುಲಾಬಿ, ಸಾಬೂನಿನ ನೀರು ಬಿಟ್ಟರೆ ಹಸಿರು. ಹೂವಿನ ಆಯುಸ್ಸು ಸಾಮಾನ್ಯವಾಗಿ ಒಂದು ದಿನ. ಮರುದಿನ ಮತ್ತೆ ಅರಳಿರುತ್ತದೆ, ಎಣಿಸುವವರಿಲ್ಲ.

ಡೇರೆಯ ಹೂವಿಗೆ ಪರಿಮಳವಿಲ್ಲ, ಮುಡಿಯಲು ದೊಡ್ಡದು, ಕೊಯ್ಯಲು ಮನಸ್ಸು ಬಾರದು. ದೇವರಿಗೆ ಏರಿಸಬಹುದೇ ಎಂದು ವಕ್ತೃಗಳನ್ನು ಕೇಳಿದಾಗ, “ಗಿಡದಲ್ಲೇ ಇದ್ದರೂ ದೇವರಿಗೆ ಕಾಣ್ತದೆ” ಎಂಬ ಅದ್ವೈತ ಪರವಾದ ಉತ್ತರ ಬಂತು. ಮೆಕ್ಸಿಕೋದ ಪ್ರಾಚೀನರು ಗೆಡ್ಡೆ ತಿನ್ನುತ್ತಿದ್ದರು, ಅದರಲ್ಲಿ ಇನುಲಿನ್ ಎಂಬ ಪದಾರ್ಥವಿದೆ. ಮಲೆನಾಡಿನಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿರುವುದು ಮುಳ್ಳುಹಂದಿ ಮಾತ್ರ.

ಇದರಿಂದ ಪ್ರಥಮ ಸಿದ್ಧಾಂತ: ಮಲೆನಾಡಿನ ಅಂಗಳದಲ್ಲಿ ಗಿಡಕ್ಕೆ ಸಿಗುವ ಆರೈಕೆ ಅದರ ಉಪಯೋಗಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಇದು ಮನುಷ್ಯರಿಗೂ ಅನ್ವಯಿಸುತ್ತದೆಂದು ಮೂರು ತಾಲ್ಲೂಕಿನ ಹಿರಿಸೊಸೆಯಂದಿರು ಸೂಚಿಸಿದ್ದಾರೆ. ಅದು ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಪೂರ್ವಪಕ್ಷ ಮತ್ತು ಸಮಾಧಾನ

ಹಾಗಾದರೆ ಡೇರೆ ನಿರುಪಯೋಗಿಯೇ ಎಂದರೆ, ಅಲ್ಲ. ಅದರ ಉಪಯೋಗ ಹೂವಿನಲ್ಲಿಲ್ಲ, ಗೆಡ್ಡೆಯ ಸಂಚಾರದಲ್ಲಿದೆ. ಗೆಡ್ಡೆ ಹೊಸನಗರದ ತವರಿನಿಂದ ಸಾಗರದ ಗಂಡನ ಮನೆಗೆ, ಅಲ್ಲಿಂದ ನಾದಿನಿಯ ಕೈಚೀಲದಲ್ಲಿ ತೀರ್ಥಹಳ್ಳಿಗೆ ಹೋಗುತ್ತದೆ. ಯಾರ ಬಣ್ಣ ಯಾರ ಅಂಗಳದಲ್ಲಿದೆ ಎಂದು ನೋಡಿದರೆ ಯಾರ ಮನೆಗೂ ಯಾರ ಮನೆಗೂ ಹೋಗಿಬರುವುದಿದೆ ಎಂದು ವಂಶವೃಕ್ಷವಿಲ್ಲದೆಯೂ ಹೇಳಬಹುದು.

ಕೊಡಲು ಮನಸ್ಸಿಲ್ಲದಿದ್ದರೆ ಎರಡು ಮಾರ್ಗಗಳಿವೆ. ಮೊದಲನೆಯದು ಶಬ್ದಪ್ರಮಾಣ: “ಈ ವರ್ಷ ಗೆಡ್ಡೆ ಎಲ್ಲ ಕೊಳೆತು ಹೋತು ಅತ್ತಿಗೆ.” ಕೊಳೆತ ಗೆಡ್ಡೆಯೇ ಮರುಶ್ರಾವಣದಲ್ಲಿ ಅದೇ ಬಣ್ಣದ ಹೂ ಬಿಟ್ಟದ್ದು ಪ್ರತ್ಯಕ್ಷಪ್ರಮಾಣದಿಂದ ತಿಳಿದುಬಂದಿದೆ, ಶಬ್ದಕ್ಕೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ನೆಂಟಸ್ತಿಕೆಯ ಶಾಸ್ತ್ರ ಶಬ್ದವನ್ನೇ ಎತ್ತಿಹಿಡಿಯುತ್ತದೆ. ಎರಡನೆಯ ಮಾರ್ಗ ಸೂಕ್ಷ್ಮ. ಡೇರೆ ಚಿಗುರುವುದು ಗೆಡ್ಡೆಯ ಕುತ್ತಿಗೆಯಲ್ಲಿ, ಹಳೆಯ ಕಾಂಡಕ್ಕೆ ಅಂಟಿದ ಕಣ್ಣಿನಿಂದ. ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಮೊಳೆಯದು. ಆದ್ದರಿಂದ ದಪ್ಪನೆಯದನ್ನೇ ಆರಿಸಿ, ಕುತ್ತಿಗೆಯಿಂದ ಈಚೆ ಮುರಿದು, “ದೊಡ್ಡದೇ ಕೊಟ್ಟಿದ್ದೇನೆ” ಎಂದು ಕೈಗಿಡಬಹುದು. ದಾನವೂ ಆಯಿತು, ಬಣ್ಣವೂ ಮನೆಯಲ್ಲೇ ಉಳಿಯಿತು. ಪಡೆಯುವವರ ಪಾಂಡಿತ್ಯವೆಲ್ಲ, ನೋಡಿದಂತೆ ಕಾಣದ ಹಾಗೆ ಕಣ್ಣನ್ನು ನೋಡಿಕೊಳ್ಳುವುದರಲ್ಲಿದೆ.

ದಾಸವಾಳಕ್ಕೆ ಈ ರಾಜಕಾರಣವಿಲ್ಲ. ಕದ್ದ ಗಿಡ ಚೆನ್ನಾಗಿ ಬದುಕುತ್ತದೆಂಬ ನಂಬಿಕೆಯಿದ್ದರೂ, ಯಾರೂ ಬೇಡವೆನ್ನದ ಕಾರಣ ದಾಸವಾಳವನ್ನು ಕದಿಯುವುದು ಇದುವರೆಗೆ ಯಾರಿಗೂ ಸಾಧ್ಯವಾಗಿಲ್ಲ.

ನಿರ್ಣಯ

ದಾಸವಾಳವಿಲ್ಲದೆ ಮನೆ ನಡೆಯದು, ಡೇರೆಯಿಲ್ಲದೆ ನೆಂಟಸ್ತಿಕೆ ನಡೆಯದು. ಶ್ರಮ, ಫಲ, ತಾಳ್ಮೆ, ನಿಗರ್ವ ಇವೆಲ್ಲವನ್ನೂ ತೂಗಿ ನೋಡಿದರೆ ದಾಸವಾಳವೇ ಶ್ರೇಷ್ಠವೆಂದು ಈ ಪ್ರಬಂಧ ನಿಷ್ಪಕ್ಷಪಾತವಾಗಿ ಘೋಷಿಸುತ್ತದೆ.

ಕೊನೆಯದಾಗಿ ಓದುಗರಲ್ಲಿ ವಿನಂತಿ. ನೇರಳೆ ಬಣ್ಣದ, ತುದಿ ಬೆಳ್ಳಗಿರುವ ದೊಡ್ಡ ಡೇರೆ ತಮ್ಮಲ್ಲಿದ್ದರೆ, ಮುಂದಿನ ಸಂಶೋಧನೆಯ ದೃಷ್ಟಿಯಿಂದ ಒಂದು ಗೆಡ್ಡೆ ದಯಪಾಲಿಸಬೇಕು. ಕಣ್ಣಿರುವುದನ್ನೇ ಕೊಡಬೇಕು. ಪ್ರತಿಯಾಗಿ ನಮ್ಮ ಬೇಲಿಯ ದಾಸವಾಳವನ್ನು ಎಷ್ಟು ಬೇಕಾದರೂ ಮುರಿದುಕೊಳ್ಳಬಹುದು, ಕೇಳುವುದೂ ಬೇಡ.