ಸ್ಟೆಲ್ವಿಯೋ ಸಿಗದಿದ್ದರೆ ಆಗುಂಬೆ

ಗೆಳೆಯನ ಜೊತೆ ಬೈಕಿನಲ್ಲಿ ದಕ್ಷಿಣ ಯುರೋಪು ಸುತ್ತಿ ಟೆಂಟಿನಲ್ಲಿ ಮಲಗುವ ಹುಚ್ಚು ಶಿವಮೊಗ್ಗ, ಭದ್ರಾವತಿಯ ಹುಡುಗರಿಗೂ ಉಂಟು. ಇಟಲಿಯ ಸ್ಟೆಲ್ವಿಯೋ ಘಾಟಿಯ ಎತ್ತರ 2,757 ಮೀಟರ್. ಉತ್ತರದ ಮಗ್ಗುಲಲ್ಲೇ 48 ಹೇರ್‌ಪಿನ್ ತಿರುವು. ವೀಸಾಕ್ಕೆ ಬ್ಯಾಂಕಿನ ಲೆಕ್ಕ ತೋರಿಸಬೇಕು ಎಂದೊಡನೆ ಹುಚ್ಚು ಆಗುಂಬೆಗೆ ಇಳಿಯುತ್ತದೆ. ಅಲ್ಲಿ ತಿರುವು 14. ಸಾಕಲ್ಲ!

ಅಪ್ಪನ ಕಾಲದ ಯೆಜ್ಡಿ ಇದ್ದರಂತೂ ಜಂಭ ಹೇಳತೀರದು. ಆ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಗಾಡಿಯ ಸದ್ದು ಮಾತ್ರ ನಿಂತಿಲ್ಲ. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರ್. ಹೊಸಬ ಒದ್ದರೆ ಮೊಣಕಾಲಿಗೇ ಪೆಟ್ಟು.

ಶಿವಮೊಗ್ಗದವನು ಮಂಡಕ್ಕಿ ತರುತ್ತಾನೆ, ಭದ್ರಾವತಿಯವನು ಟೆಂಟು. ಗೂಟ? ಮನೆಯಲ್ಲೇ! 1923ರಿಂದ ಕಬ್ಬಿಣ ಕರಗಿಸಿದ ಊರಿನವನ ಬಳಿ ನಾಲ್ಕು ಕಬ್ಬಿಣದ ಗೂಟವಿಲ್ಲ.

ಕಾಡಿನೊಳಗೆ ಬಿಡಾರ ಹೂಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇಂಬಳಗಳಿಗೆ ಆ ನಿಯಮವಿಲ್ಲ, ಸಾಕ್ಸಿನೊಳಗೇ ಬಿಡಾರ. ಕೊನೆಗೆ ತೀರ್ಥಹಳ್ಳಿ ಕಡೆಯ ಯಾವುದೋ ಅಡಿಕೆ ಅಂಗಳವೇ ಗತಿ. ಮನೆಯವರು ಕಡುಬು ಬಡಿಸಿ, ‘ನೀವು ಯಾರ ಪೈಕಿ?’ ಎಂದು ವಿಚಾರಣೆ ಶುರುಮಾಡುತ್ತಾರೆ.